ಪುಟ್ಟ ಲಾರಿಯ ಸ್ಪಾರ್ಕ್ ಪ್ಲಗ್ಗು: ಮನೆಯಲ್ಲೇ ಬದಲಾಯಿಸುವ ಬಗೆ

ಪರಊರುಗಳಲ್ಲಿ ಹೋಟೆಲು, ಅಂಗಡಿ, ಅಡಿಗೆಯ ಕಂತ್ರಾಟು ಮುಂತಾದ ವೃತ್ತಿಗಳನ್ನು ಹಿಡಿದಿರುವ ನಮ್ಮ ಬಂಧುಗಳಿಗೆ ಪುಟ್ಟ ಲಾರಿಯ ಪರಿಚಯ ಚೆನ್ನಾಗಿಯೇ ಇದೆ. ೨೦೦೫ರಲ್ಲಿ ಟಾಟಾ ಏಸ್ ಬಂದಾಗ ಜನ ಅದಕ್ಕೆ 'ಛೋಟಾ ಹಾಥಿ' ಎಂದು ಮುದ್ದಿನ ಹೆಸರಿಟ್ಟರು. ನಸುಕಿನಲ್ಲಿ ವಾಶಿಯ ಮಾರುಕಟ್ಟೆಯಿಂದ ತರಕಾರಿ ತರುವುದಕ್ಕೂ, ಮದುವೆಯ ಮನೆಗೆ ಪಾತ್ರೆ ಪಡಗ ಸಾಗಿಸುವುದಕ್ಕೂ ಇಂಥ ಗಾಡಿಯೇ ಆಧಾರ. ಅದು ಒಂದು ದಿನ ಮೊಂಡು ಹಿಡಿದು ನಿಂತರೆ ಆ ದಿನದ ಸಂಪಾದನೆಗೇ ಕುತ್ತು. ಹೀಗೆ ನಿಲ್ಲಿಸುವ ಕಾರಣಗಳಲ್ಲಿ ಒಂದನ್ನು ಮನೆಯಲ್ಲೇ ನಿವಾರಿಸಿಕೊಳ್ಳಬಹುದು. ಅದೇ ಸವೆದ ಸ್ಪಾರ್ಕ್ ಪ್ಲಗ್ಗು.

ಮೊದಲು ನಿಮ್ಮ ಗಾಡಿ ಕುಡಿಯುವುದು ಏನನ್ನು ಎಂಬುದನ್ನು ನೋಡಿಕೊಳ್ಳಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಮತ್ತು ಸಿ.ಎನ್.ಜಿ. ಗಾಡಿಗಳಿಗೆ ಮಾತ್ರ ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗೂ ನಿಮಿಷಕ್ಕೆ ಕಡಮೆಯೆಂದರೆ ೧,೫೦೦ ಸಲ ಕಿಡಿ ಹಾರಿಸಬೇಕು! ೧೯೫೧ರಲ್ಲಿ ಆರಂಭವಾಗಿ ೨೦೦೮ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಬೆಂಗಳೂರಿನ ಮೈಕೊ ಕಾರ್ಖಾನೆಯ ಪ್ಲಗ್ಗನ್ನು ಹಿರಿಯ ವಾಚಕರು ಮರೆತಿರಲಾರರು.

ಕಿಡಿ ಹಾರಿ ಹಾರಿ ಪ್ಲಗ್ಗಿನ ತುದಿ ಸವೆಯುತ್ತದೆ, ನಡುವಣ ಸಂದು ಅಗಲವಾಗುತ್ತದೆ. ಆಗ ಗಾಡಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ. ಏರಿನಲ್ಲಿ ಮಿಸ್ ಹೊಡೆಯುತ್ತದೆ. ಪೆಟ್ರೋಲು ಹೆಚ್ಚು ಸುಡುತ್ತದೆ. ಉದಾಸೀನ ಮಾಡಿದರೆ ಅರೆ ಉರಿದ ಪೆಟ್ರೋಲು ಹೊಗೆಯ ಕೊಳವೆಗೆ ಹೋಗಿ, ಅಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕೆಡಿಸಬಹುದು. ಸಾಧಾರಣ ನಿಕ್ಕಲ್ ಪ್ಲಗ್ಗುಗಳು ಸುಮಾರು ೨೦ರಿಂದ ೩೦ ಸಾವಿರ ಕಿಲೋಮೀಟರ್ ಬಾಳುತ್ತವೆ. ಇರಿಡಿಯಂ ತುದಿಯವು ಬಹಳ ಹೆಚ್ಚು ಬಾಳುತ್ತವೆ. ಸಿ.ಎನ್.ಜಿ.ಯಲ್ಲಿ ಸವೆತ ಬೇಗ. ಗಾಡಿಯ ಕೈಪಿಡಿಯಲ್ಲಿ ಬರೆದುದೇ ಕೊನೆಯ ಮಾತು. ಅದರಲ್ಲಿ ಹೇಳಿದ ನಂಬರಿನ ಪ್ಲಗ್ಗನ್ನೇ ಕೊಳ್ಳಬೇಕು.

ಬಿಚ್ಚುವ ಕ್ರಮ

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಒಳಗೆ ರಬ್ಬರಿರುವ ಉದ್ದನೆಯ ಪ್ಲಗ್ ಪಾನಾ (ಸಾಮಾನ್ಯವಾಗಿ ೧೬ ಅಥವಾ ೨೧ ಮಿಲಿಮೀಟರ್), ಅದಕ್ಕೆ ಹಿಡಿ, ಸಂದು ಅಳೆಯುವ ಫೀಲರ್ ಗೇಜು, ಸೈಕಲ್ ಪಂಪು, ಟಾರ್ಚು, ಒಂದು ಗೇಣು ರಬ್ಬರ್ ಕೊಳವೆ. ಇಷ್ಟಿದ್ದರೆ ಸಾಕು.

ಗಾಡಿ ಇಡೀ ರಾತ್ರಿ ನಿಂತು ತಣ್ಣಗಾಗಿರಲಿ. ಎಂಜಿನ್ನಿನ ಮಂಡೆ ಅಲ್ಯುಮಿನಿಯಂನದು. ಬಿಸಿಯಿರುವಾಗ ಪ್ಲಗ್ಗು ತೆಗೆದರೆ ಅದರ ಥ್ರೆಡ್ಡು, ಎಂದರೆ ತಿರುಪಿನ ಗೆರೆಗಳು, ಕಿತ್ತುಬರುವ ಭಯವುಂಟು. ಕೀಲಿ ತೆಗೆದು ಬ್ಯಾಟರಿಯ ಋಣ ತಂತಿಯನ್ನು ಬಿಡಿಸಿ. ಗ್ಯಾಸಿನ ಅಥವಾ ಪೆಟ್ರೋಲಿನ ವಾಸನೆ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮಿಸ್ತ್ರಿಯನ್ನು ಕರೆಸಿ. ಈ ಬಗೆಯ ಬಹಳಷ್ಟು ಗಾಡಿಗಳಲ್ಲಿ ಎಂಜಿನ್ ಇರುವುದು ಆಸನದ ಕೆಳಗೆ. ಆಸನವನ್ನೆತ್ತಿ ಭದ್ರವಾಗಿ ನಿಲ್ಲಿಸಿಕೊಳ್ಳಿ.

ಒಂದು ಸಲಕ್ಕೆ ಒಂದೇ ಪ್ಲಗ್ಗು. ಆಗ ಯಾವ ತಂತಿ ಎಲ್ಲಿಯದು ಎಂಬ ಗೊಂದಲವಿರುವುದಿಲ್ಲ. ಕಾಯಿಲನ್ನು ಅದರ ಬೋಲ್ಟು ತೆಗೆದು, ತಂತಿಯಿರುವ ಗಾಡಿಯಲ್ಲಾದರೆ ಟೋಪಿಯನ್ನು ಹಿಡಿದು, ಮೆಲ್ಲಗೆ ತಿರುಚುತ್ತ ಎತ್ತಿ. ತಂತಿ ಹಿಡಿದು ಎಳೆಯಬೇಡಿ. ಅನಂತರ ಗುಂಡಿಯೊಳಗಿನ ಧೂಳನ್ನು ಪಂಪಿನಿಂದ ಊದಿಬಿಡಿ. ಒಂದು ಹರಳು ಒಳಗೆ ಬಿದ್ದರೂ ಎಂಜಿನ್ನಿಗೆ ಕೇಡು. ಪ್ಲಗ್ಗು ಬಿಗಿಯಾಗಿ ಕೂತಿದ್ದರೆ ಬಲಪ್ರಯೋಗ ಬೇಡ. ಸ್ವಲ್ಪ ಸಡಿಲಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಪುನಃ ಸಡಿಲಿಸಿ. ಆಗಲೂ ಜಗ್ಗದಿದ್ದರೆ ಗ್ಯಾರೇಜಿಗೆ ಒಯ್ಯುವುದೇ ಲೇಸು.

ಹಳೆಯ ಪ್ಲಗ್ಗು ಹೇಳುವ ಮಾತು

ತೆಗೆದ ಪ್ಲಗ್ಗನ್ನು ಕೂಡಲೆ ಎಸೆಯಬಾರದು. ವೈದ್ಯರು ನಾಲಗೆ ನೋಡುವಂತೆ ಅದರ ತುದಿಯನ್ನು ನೋಡಬೇಕು. ತಿಳಿಗಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣಗಿದ ಕರಿಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಗಾಳಿಯ ಫಿಲ್ಟರು ಕಟ್ಟಿದೆ ಎಂದು ತಿಳಿಯಬೇಕು. ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗು ಮುಂತಾದುವು ಸವೆದು ಆಯಿಲು ಮೇಲಕ್ಕೇರುತ್ತಿರಬಹುದು. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿಶಾಖ. ಹೀಗೆ ಮುಂದೆ ಬರಲಿರುವ ದೊಡ್ಡ ಖರ್ಚಿನ ಸುಳಿವು ಇಲ್ಲೇ ಸಿಕ್ಕುತ್ತದೆ.

ಕೂರಿಸುವುದರಲ್ಲೇ ಜಾಣತನ

ಬಿಚ್ಚುವುದಕ್ಕಿಂತ ಕೂರಿಸುವುದರಲ್ಲಿ ಅಪಾಯ ಹೆಚ್ಚು. ಹೊಸ ಪ್ಲಗ್ಗಿನ ಸಂದು ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ ಎಂದು ಗೇಜಿನಿಂದ ನೋಡಿ. ಕೆಳಗೆ ಬಿದ್ದ ಪ್ಲಗ್ಗನ್ನು ಹಾಕಬೇಡಿ. ಒಳಗಿನ ಪಿಂಗಾಣಿ ಕಣ್ಣಿಗೆ ಕಾಣದಂತೆ ಬಿರುಕುಬಿಟ್ಟಿರಬಹುದು. ಪ್ಲಗ್ಗಿನ ಮೇಲ್ತುದಿಯನ್ನು ರಬ್ಬರ್ ಕೊಳವೆಗೆ ಸಿಕ್ಕಿಸಿ ಗುಂಡಿಯೊಳಗೆ ಇಳಿಸಿ, ಬೆರಳಿನಿಂದಲೇ ತಿರುಗಿಸಿ. ಥ್ರೆಡ್ಡು ಓರೆಯಾಗಿ ಕೂತರೆ ಕೊಳವೆ ತಾನೇ ಜಾರುತ್ತದೆ, ಮಂಡೆಗೆ ಪೆಟ್ಟಾಗುವುದಿಲ್ಲ. ಹಾಗೆ ಜಾರಿದರೆ ಹೊರತೆಗೆದು ಮತ್ತೆ ಮೊದಲಿನಿಂದ ಹಚ್ಚಿ.

ಬೆರಳಿಗೆ ನಿಂತ ಮೇಲೆಯೇ ಪಾನಾ. ವಾಷರಿರುವ ಹೊಸ ಪ್ಲಗ್ಗಿಗೆ ಸಾಮಾನ್ಯವಾಗಿ ಅರ್ಧ ಸುತ್ತಿನಷ್ಟು ಬಿಗಿ ಸಾಕು. ವಾಷರಿಲ್ಲದೆ ಬುಡ ಓರೆಯಾಗಿರುವ ಜಾತಿಗೆ ಅದಕ್ಕಿಂತ ಬಹಳ ಕಡಮೆ. ಸರಿಯಾದ ಪ್ರಮಾಣ ಕೈಪಿಡಿಯಲ್ಲಿರುತ್ತದೆ. ಪ್ಲಗ್ಗಿನ ಡಬ್ಬಿಯ ಮೇಲೂ ಎಷ್ಟೋ ವೇಳೆ ಅಚ್ಚಾಗಿರುತ್ತದೆ. 'ಇನ್ನಷ್ಟು ಭದ್ರವಾಗಲಿ' ಎಂದು ಬಲ ತೋರಿಸಿದರೆ ಮಂಡೆಯ ಥ್ರೆಡ್ಡು ಹೋಗಿ, ಪ್ಲಗ್ಗಿನ ಬೆಲೆಯ ಎಷ್ಟೋ ಪಾಲು ದಂಡ ತೆರಬೇಕಾದೀತು.

ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಬ್ಯಾಟರಿಯ ತಂತಿ ಕೂಡಿಸಿ, ಎಂಜಿನ್ ಚಾಲೂ ಮಾಡಿ ಕಿವಿಗೊಡಿ. ಸದ್ದು ಒಂದೇ ಲಯದಲ್ಲಿದ್ದರೆ ಕೆಲಸ ಸರಿಹೋಯಿತು. ಎಡವುತ್ತಿದ್ದರೆ ಮೊದಲು ಕಾಯಿಲಿನ ಜೋಡಣೆಯನ್ನೇ ಪರೀಕ್ಷಿಸಿ. ಬದಲಾಯಿಸಿದ ದಿನವನ್ನೂ ಅಂದಿನ ಕಿಲೋಮೀಟರನ್ನೂ ಕೈಪಿಡಿಯ ಹಿಂಬದಿಯಲ್ಲಿ ಬರೆದಿಡಿ. ಮುಂದಿನ ಸಲ ಯಾರನ್ನೂ ಕೇಳಬೇಕಾಗುವುದಿಲ್ಲ.