ಜರ್ಮನಿಯ ಮಡಿಸುವ ಕ್ಯಾಮೆರಾ, ವಡೋದರದ ಕ್ಲಿಕ್

ಉದ್ಯೋಗ ನಿಮಿತ್ತ ಅಹಮದಾಬಾದ್, ವಡೋದರ, ಸೂರತ್ ನಗರಗಳಿಗೆ ಬಂದು ನೆಲೆಸಿದ ನಮ್ಮ ಹಿರಿಯರಲ್ಲಿ ಕೆಲವರ ಟ್ರಂಕುಗಳಲ್ಲಿ ಹಳೆಯ ಕ್ಯಾಮೆರಾ ಇಂದಿಗೂ ಉಳಿದಿದೆ. ಗುಜರಿಗೆ ಹಾಕುವ ಮುನ್ನ ಅದರ ಹಿನ್ನೆಲೆಯನ್ನು ಅರಿಯುವುದು ಒಳಿತೆಂದು ಈ ಕಿರುಲೇಖನ.

ಹಿಂದೆ ಚಿತ್ರ ಸ್ಪಷ್ಟವಾಗಿರಬೇಕಾದರೆ ಫಿಲ್ಮು ದೊಡ್ಡದಿರಬೇಕಿತ್ತು. ಫಿಲ್ಮು ದೊಡ್ಡದಾದಂತೆ ಅದಕ್ಕೂ ಮಸೂರಕ್ಕೂ ನಡುವಿನ ಅಂತರವೂ ಹೆಚ್ಚಿ, ಪೆಟ್ಟಿಗೆ ಬೆಳೆಯುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಹಾರ್ಮೋನಿಯಂನಲ್ಲಿರುವಂತಹ ತಿದಿ. ಬೇಕಾದಾಗ ಎಳೆದು, ಬೇಡವಾದಾಗ ಮಡಿಸಿ ಕಿಸೆಗೆ ಸೇರಿಸಬಹುದಾದ ಕ್ಯಾಮೆರಾ ಹೀಗೆ ರೂಪುಗೊಂಡಿತು.

ಜರ್ಮನಿಯ ಡ್ರೆಸ್ಡೆನ್ ಸಮೀಪದ ಫ್ರೈಟಾಲ್ ಊರಿನ ವೆಲ್ಟಾ ಎಂಬ ಸಣ್ಣ ಸಂಸ್ಥೆ ಈ ವಿದ್ಯೆಯನ್ನು ಮತ್ತೂ ಮುಂದಕ್ಕೊಯ್ದಿತು. ನೋಡಲೊಂದು, ಚಿತ್ರ ತೆಗೆಯಲೊಂದು ಎಂದು ಎರಡು ಮಸೂರಗಳಿರುವ ಕ್ಯಾಮೆರಾ ಸಾಮಾನ್ಯವಾಗಿ ಗಟ್ಟಿ ಪೆಟ್ಟಿಗೆ. ವೆಲ್ಟಾ 1930ರ ದಶಕದಲ್ಲಿ ಅದನ್ನೂ ಮಡಿಸುವಂತೆ ಮಾಡಿ ಸೂಪರ್‌ಫೆಕ್ಟಾ, ಪರ್ಫೆಕ್ಟಾ ಎಂಬ ಮಾದರಿಗಳನ್ನು ಹೊರತಂದಿತು. ಇಂದು ಸಂಗ್ರಾಹಕರಿಗೆ ಇವು ಅಪರೂಪದ ವಸ್ತುಗಳು.

ಆದರೆ ತಿದಿಯೇ ಈ ಕ್ಯಾಮೆರಾಗಳ ದೌರ್ಬಲ್ಯವೂ ಹೌದು. ಮಡಿಕೆಯ ಮೂಲೆಗಳು ಸವೆದು ಸೂಜಿಮೊನೆಯಷ್ಟು ರಂಧ್ರವಾದರೂ ಬೆಳಕು ನುಸುಳಿ ಚಿತ್ರ ಕೆಡುತ್ತದೆ. ಅಗ್ಫಾ ಸಂಸ್ಥೆ 1950ರ ದಶಕದ ಕೊನೆಯಲ್ಲಿ ತಂದ ಕ್ಲಿಕ್ ಮಾಲಿಕೆಯಲ್ಲಿ ತಿದಿಯೇ ಇಲ್ಲ. ಪ್ಲಾಸ್ಟಿಕ್ಕಿನ ಹಗುರ ಒಡಲು, ಸರಳ ಮಸೂರ. ಇದೇ ಮಾಲಿಕೆಯ ಕ್ಲಿಕ್-3 ಕ್ಯಾಮೆರಾವನ್ನು ಭಾರತದಲ್ಲಿ ತಯಾರಿಸಿದ್ದು ನಮ್ಮ ವಡೋದರದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. 120 ಫಿಲ್ಮಿನ ಒಂದು ಸುರುಳಿಗೆ 12 ಚೌಕ ಚಿತ್ರಗಳು. ಆದುದರಿಂದ ಜನರು ಎಣಿಸಿ ಎಣಿಸಿ ಗುಂಡಿ ಒತ್ತುತ್ತಿದ್ದರು. ನಾಮಕರಣಕ್ಕೆರಡು, ಊರಿನಿಂದ ಅಜ್ಜಿ ಬಂದಾಗ ಒಂದು!

ಅಂತಹ ಕ್ಯಾಮೆರಾ ನಿಮ್ಮಲ್ಲಿದ್ದರೆ ಅವಸರದಿಂದ ಹಿಂಬದಿಯನ್ನು ತೆರೆಯದಿರಿ. ಹಿಂದಿರುವ ಪುಟ್ಟ ಕೆಂಪು ಕಿಂಡಿಯಲ್ಲಿ ಕಾಗದವೋ ಅಂಕಿಯೋ ಕಂಡರೆ ಒಳಗೆ ಫಿಲ್ಮಿದೆಯೆಂದರ್ಥ. ಬಿಗಿತ ಸಡಿಲವಾಗುವವರೆಗೆ ತಿರುಗುಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸುತ್ತಿ, ಕತ್ತಲಲ್ಲಿ ತೆಗೆದು, ಬಲ್ಲವರಿಂದ ಸಂಸ್ಕರಿಸಿದರೆ, ಎಂದೋ ಸೆರೆಯಾದ ಮುಖವೊಂದು ಇನ್ನೂ ಮೂಡಿಬರಬಹುದು. ಮಡಿಸುವ ಕ್ಯಾಮೆರಾ ಆದರೆ, ಫಿಲ್ಮಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಕತ್ತಲ ಕೋಣೆಯಲ್ಲಿ ತಿದಿಯೊಳಗೆ ಟಾರ್ಚು ಹಿಡಿದು ನೋಡಿ. ರಂಧ್ರಗಳಿದ್ದರೆ ನಕ್ಷತ್ರಗಳಂತೆ ಹೊಳೆಯುತ್ತವೆ. ಸೂರತ್ತಿನಂತಹ ತೇವದ ಹವೆಯಲ್ಲಿ ಚರ್ಮದ ಚೀಲದೊಳಗಿಟ್ಟ ಮಸೂರಕ್ಕೆ ಬೂಷ್ಟು ಹಿಡಿಯುವುದುಂಟು. ಚೀಲದಿಂದ ತೆಗೆದು, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಡುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದುದು ನೆಗೆಟಿವ್‌ಗಳು. ಕ್ಲಿಕ್ಕಿನ ಚೌಕ ನೆಗೆಟಿವ್ ಸಾಮಾನ್ಯ 35 ಮಿ.ಮೀ. ನೆಗೆಟಿವ್‌ಗಿಂತ ಮೂರೂವರೆ ಪಟ್ಟು ದೊಡ್ಡದು. ಅದರಿಂದ ಇಂದಿಗೂ ಸ್ಪಷ್ಟ ಪ್ರತಿ ಪಡೆಯಬಹುದು. ಕಾಗದದ ಲಕೋಟೆಯಲ್ಲಿಟ್ಟು, ಚಿತ್ರದಲ್ಲಿರುವವರ ಹೆಸರು, ಊರು, ವರ್ಷವನ್ನು ಅದರ ಮೇಲೆ ಬರೆದಿಡಿ. ಮುಖಗಳನ್ನು ಗುರುತಿಸಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಈ ಕಾರ್ಯ ನಡೆಯಲಿ. ಕ್ಯಾಮೆರಾವನ್ನು ನಾಳೆಯೂ ದುರಸ್ತಿ ಮಾಡಿಸಬಹುದು. ಮರೆತುಹೋದ ಹೆಸರನ್ನು ಯಾರಿಂದ ಕೇಳೋಣ?