ಹಳೇ ಅಂಬಾಸಿಡರ್‌ಗೆ ಹೊಸ ಮಡ್‌ಗಾರ್ಡ್

ಬೋಲ್ಟ್ ಬಿಚ್ಚು, ಹಳೇದು ತೆಗಿ, ಹೊಸದು ಹಾಕು, ಮತ್ತೆ ಬಿಗಿ ಮಾಡು. ಅಂಬಾಸಿಡರ್ ಕಾರಿನ ಮುಂದಿನ ಮಡ್‌ಗಾರ್ಡ್ ಬದಲಾಯಿಸೋದು ಅಂದರೆ ಇಷ್ಟೇ ಅಂದುಕೊಂಡು ನಾವು ಐದು ಜನ ಒಂದು ಶನಿವಾರ ಬೆಳಿಗ್ಗೆ ಶುರು ಮಾಡಿದೆವು. ಸಂಜೆ ಹೊತ್ತಿಗೆ ಮುಗಿಸೋ ಪ್ಲಾನ್. ಮುಗಿದದ್ದು ಏಳನೇ ವಾರಕ್ಕೆ. ಆ ಏಳು ವಾರದಲ್ಲಿ ಏನೇನಾಯ್ತು ಅನ್ನೋದನ್ನ ಇಲ್ಲಿ ಬರೀತಿದ್ದೇವೆ. ಮನೆಯಲ್ಲಿ ಹಳೇ ಕಾರು ಇರೋರಿಗೆ ಉಪಯೋಗಕ್ಕೆ ಬರಬಹುದು.

ಕಾರು ನಮ್ಮಲ್ಲೊಬ್ಬನ ತಾತನದು. ಮಾರ್ಕ್ 2, 1970ರ ದಶಕದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರನ್ನೇ ಹಿಂದೂಸ್ತಾನ್ ಮೋಟರ್ಸ್‌ನವರು ಅಂಬಾಸಿಡರ್ ಅಂತ ಮಾಡಿದರು, 2014ರವರೆಗೂ ಮಾಡುತ್ತಲೇ ಇದ್ದರು. ನೋಡೋದಕ್ಕೆ ಎಲ್ಲ ಒಂದೇ ಥರ ಅನ್ನಿಸಿದರೂ ಮಾರ್ಕ್ ಬದಲಾದ ಹಾಗೆ ಮುಂಭಾಗದ ಗ್ರಿಲ್, ಇಂಡಿಕೇಟರ್ ಎಲ್ಲ ಬದಲಾಗಿವೆ. ಹಾಗಾಗಿ ಅಂಗಡಿಗೆ ಹೋಗುವಾಗ ಹಳೇ ಮಡ್‌ಗಾರ್ಡನ್ನೇ ಆಟೋದಲ್ಲಿ ಹಾಕ್ಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಿ ತಂದೆವು. ಆ ಒಂದು ಕೆಲಸ ಮಾತ್ರ ಮೊದಲ ಸಲಕ್ಕೇ ಸರಿ ಮಾಡಿದ್ದು!

ಬಲಗಡೆ ಮಡ್‌ಗಾರ್ಡ್ ಇಟ್ಟು ಎಲ್ಲ ಬೋಲ್ಟ್ ಬಿಗಿ ಮಾಡಿ ದೂರ ನಿಂತು ನೋಡಿದರೆ, ಬಾಗಿಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲೆ 3 ಮಿಲಿಮೀಟರ್, ಕೆಳಗೆ 9. ಬಾನೆಟ್ ಮುಚ್ಚಿದರೆ ಮೂಲೆ ತಗಲುತ್ತಿತ್ತು. ಮಡ್‌ಗಾರ್ಡೇ ಸರಿಯಿಲ್ಲ ಅಂತ ತೀರ್ಮಾನಿಸಿ, ಬೋಲ್ಟ್ ತೂತುಗಳನ್ನ ಅಗಲ ಮಾಡೋಣ ಅಂತ ಒಬ್ಬ ಅರ ಕೈಗೆತ್ತಿಕೊಂಡೂ ಆಗಿತ್ತು. ಆಗ ಪಕ್ಕದ ಗ್ಯಾರೇಜಿನ ಟಿಂಕರ್ ಕೆಲಸದ ಹಿರಿಯರು ಬಂದರು.

"ಏ ತಡೀರಪ್ಪಾ! ಬಾಗಿಲು ನೋಡಿದ್ರಾ ಮೊದಲು?"

ಬಾಗಿಲಿನ ತುದಿ ಹಿಡಿದು ಮೇಲಕ್ಕೆತ್ತಿ ತೋರಿಸಿದರು. ಕಟಕ್ ಅಂತ ಮೇಲೆ ಬಂತು, ಬಿಟ್ಟರೆ ಕೆಳಗಿಳಿಯಿತು. ಡ್ರೈವರ್ ಬಾಗಿಲು ತಾನೇ, ಐವತ್ತು ವರ್ಷ ತೆಗೆದು ಹಾಕಿ ಕೀಲಿನ ಪಿನ್ ಸವೆದುಹೋಗಿತ್ತು. ಜೋತುಬಿದ್ದ ಬಾಗಿಲನ್ನ ಅಳತೆಗೋಲು ಮಾಡಿಕೊಂಡು ನಾವು ಹೊಸ ತಗಡನ್ನ ಬೈಯುತ್ತಿದ್ದೆವು.

ಇಲ್ಲಿ ಸ್ವಲ್ಪ ಥಿಯರಿ. ಲಾರಿಯಲ್ಲಿ ಕೆಳಗೆ ಚಾಸಿ, ಅದರ ಮೇಲೆ ಬಾಡಿ. ಅಂಬಾಸಿಡರ್‌ನಲ್ಲಿ ಹಾಗೆ ಬೇರೆ ಚಾಸಿ ಇಲ್ಲ, ಅದು ಮಾನೊಕಾಕ್. ಒಂದಕ್ಕೊಂದು ವೆಲ್ಡ್ ಆದ ತಗಡುಗಳೇ ಕಾರಿನ ಅಸ್ಥಿಪಂಜರ. ಹೊರಗೆ ಕಾಣೋ ಮಡ್‌ಗಾರ್ಡ್ ಬೋಲ್ಟ್ ಮೇಲೆ ನಿಂತ ಚರ್ಮ ಅಷ್ಟೇ. ಭಾರ ಹೊರೋದು ಅದರ ಹಿಂದೆ ಇರೋ ಒಳತಗಡು. ಅದು ವಾರೆಯಾಗಿದ್ದರೆ ಎಂಥಾ ಒಳ್ಳೇ ಮಡ್‌ಗಾರ್ಡ್ ತಂದರೂ ಕೂರಲ್ಲ.

ಹಾಗಾಗಿ ಎಲ್ಲ ಬಿಚ್ಚಿ ಟೇಪ್ ಹಿಡಿದೆವು. ಎಂಜಿನ್ ಗೂಡಿನ ಹಿಂದಿನ ಬಲಮೂಲೆಯಿಂದ ಮುಂದಿನ ಎಡಮೂಲೆಗೆ, ಆಮೇಲೆ ಎಡದಿಂದ ಬಲಕ್ಕೆ. ಎರಡು ಕರ್ಣ ಸಮ ಇರಬೇಕು. ಇದ್ದದ್ದು 8 ಮಿಲಿಮೀಟರ್ ವ್ಯತ್ಯಾಸ. ತಾತನನ್ನ ಕೇಳಿದರೆ, "ಓ, ಅದಾ? ಯಾವಾಗ್ಲೋ ಒಂದ್ಸಲ ಹುಣಸೆ ಮರಕ್ಕೆ ತಾಗಿತ್ತು ಕಣಪ್ಪ" ಅಂದರು. ಒಳತಗಡಿನ ಮೇಲೆ ಅಯಸ್ಕಾಂತ ಓಡಿಸಿದೆವು. ಬಾಗಿಲ ಕಂಬದ ಹತ್ತಿರ, ಕೆಳಭಾಗದಲ್ಲಿ ಹಿಡಿಯಲೇ ಇಲ್ಲ. ಪುಟ್ಟಿ! ಕೆರೆದರೆ ಹಿಂದೆ ಬರೀ ತುಕ್ಕು. ಚಕ್ರ ಎರಚುವ ಕೆಸರು ಹೋಗಿ ನಿಲ್ಲೋದು ಆ ಮೂಲೆಯಲ್ಲೇ, ಒಣಗೋದೂ ಇಲ್ಲ.

ಕಷ್ಟದ ಮಾತು ಆಡಬೇಕಾಗಿ ಬಂದದ್ದು ಇಲ್ಲಿ. ತಾತ ದುಡ್ಡು ಕೂಡಿಟ್ಟಿದ್ದು ಪೇಂಟಿಗೆ. ಹೊಸ ಮಡ್‌ಗಾರ್ಡಿನಿಂದ ಎಲ್ಲ ಮುಚ್ಚಿ ಬಣ್ಣ ಹೊಡೆದುಬಿಟ್ಟರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಆ ಕಾರಲ್ಲಿ ಅಜ್ಜಿಯನ್ನ ಕೂರಿಸಿಕೊಂಡು ಅವರು ವಾರ ವಾರ ಊರಿಗೆ ಹೋಗ್ತಾರೆ. ಹೇಳಿದೆವು. ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿ, "ಒಳಗಿಂದೇ ಮಾಡ್ರಪ್ಪಾ" ಅಂದರು.

ಟಿಂಕರ್ ಜ್ಯಾಕ್ ಕೊಟ್ಟು, ದಿನಕ್ಕಿಷ್ಟು ಅಂತ ತಳ್ಳಿ, ವ್ಯತ್ಯಾಸವನ್ನ 2 ಮಿಲಿಮೀಟರ್‌ಗೆ ಇಳಿಸಿದರು. ತುಕ್ಕು ಹಿಡಿದ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡುವಾಗ ಒಂದೇ ಗೆರೆಯಲ್ಲಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಬೀಡಿ. ಕಾರಣ ನಮ್ಮ ಸೆಕೆಂಡ್ ಸೆಮ್ ಪುಸ್ತಕದಲ್ಲೇ ಇದೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. 10 ಸೆಂಟಿಮೀಟರ್ ತಗಡು 500 ಡಿಗ್ರಿ ಕಾದರೆ 0.6 ಮಿಲಿಮೀಟರ್ ಹಿಗ್ಗಬೇಕು. ಸುತ್ತಲಿನ ತಣ್ಣನೆ ತಗಡು ಬಿಡಲ್ಲ. ಕಾದ ಭಾಗ ಅಲ್ಲೇ ದಪ್ಪವಾಗಿ, ಆರುವಾಗ ಕುಗ್ಗಿ ಸುತ್ತಲಿನದನ್ನ ಎಳೆಯುತ್ತೆ, ತಗಡು ಹಪ್ಪಳ ಆಗುತ್ತೆ. ಲೆಕ್ಕಕ್ಕೆ ಮಾರ್ಕ್ಸ್ ತಗೊಂಡಿದ್ದೆವು, ಅರ್ಥ ಆಗಿದ್ದು ಈಗ.

ಜೋಡಿಸೋ ಕ್ರಮಾನೂ ತಿರುವುಮುರುವಾಯ್ತು. ಮೊದಲು ಕೀಲಿಗೆ ಹೊಸ ಪಿನ್ ಹಾಕಿ ಬಾಗಿಲನ್ನ ಹಿಂದಿನ ಬಾಗಿಲಿಗೆ ಸರಿಹೊಂದಿಸಿದೆವು. ಆಮೇಲೆ ಬಾನೆಟ್ಟನ್ನ ಗಾಜಿನ ಕೆಳಗಿನ ಅಂಚಿಗೆ. ಇವೆರಡೂ ನಿಂತ ಮೇಲೆ ಮಡ್‌ಗಾರ್ಡ್. ಎಲ್ಲ ಬೋಲ್ಟೂ ಕೈಯಲ್ಲಿ ತಿರುಗಿಸುವಷ್ಟೇ ಸಡಿಲ. ಸಂದಿನಲ್ಲಿ ಹಳೇ ಐಡಿ ಕಾರ್ಡುಗಳನ್ನ ಜೋಡಿಸಿ ತೂರಿಸಿ, ಮೇಲೂ ಕೆಳಗೂ ಒಂದೇ ಸಮ ಬಂದಮೇಲೆ ಬಾಗಿಲ ಕಡೆಯಿಂದ ಮುಂದಕ್ಕೆ ಬಿಗಿ ಮಾಡುತ್ತಾ ಬಂದೆವು. ಒಂದೆರಡು ಕಡೆ ಒಳಗೆ ವಾಷರ್ ಕೊಡಬೇಕಾಯ್ತು. ಗ್ರಿಲ್ ಕೊನೆಗೆ. ಇದೆಲ್ಲ ಬಣ್ಣಕ್ಕಿಂತ ಮುಂಚೆ. ಬಣ್ಣ ಹೊಡೆದಮೇಲೆ ಹೊಂದಿಸೋಕೆ ಹೋದರೆ ಅಂಚು ಅಂಚೆಲ್ಲ ಸಿಡಿಯುತ್ತೆ.

ವಿಂಟೇಜ್ ನೋಂದಣಿ ಮಾಡಿಸಿ ಅಂತಲೂ ತಾತನಿಗೆ ಹೇಳಿ ನೋಡಿದೆವು. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ ಅದು ಸಿಗುತ್ತೆ. ಆದರೆ ಅದನ್ನ ದಿನಾ ಓಡಿಸುವಂತಿಲ್ಲ. "ಹಾಗಾದ್ರೆ ಯಾಕಪ್ಪಾ ಕಾರು?" ಅಂದರು.

ಈಗ ಕಾರಿನ ಮುಂಭಾಗ ಬೂದು ಪ್ರೈಮರ್, ಹಿಂಭಾಗ ಹಳೇ ಬಿಳಿ. ಪೇಂಟಿನ ದುಡ್ಡು ಒಳತಗಡಿಗೆ ಹೋಯ್ತು. ಹಾಗೇ ಊರಿಗೆ ಎರಡು ಸಲ ಹೋಗಿಬಂದಿದ್ದಾರೆ. ಬಂದಮೇಲೆ ನಾವು ಬೋಲ್ಟುಗಳನ್ನ ಮತ್ತೊಮ್ಮೆ ನೋಡಿದೆವು, ಎರಡು ಸಡಿಲ ಆಗಿದ್ದವು. ಸಂದು ಮೇಲೆ 5, ಕೆಳಗೆ 5.