ಜಾಲತಾಣದ ಪ್ರತಿಸ್ಪಂದನವೂ ಅದರ ಫಲನಿರ್ಣಯವೂ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಐಮಂಗಲದಲ್ಲಿ ಪೊಲೀಸ್ ತರಬೇತಿ ಶಾಲೆಯೊಂದುಂಟು. ಕವಾಯತನ್ನೂ ಕಾನೂನನ್ನೂ ಕಲಿತವರು ಮುಂದೆ ಸೇವೆಸಲ್ಲಿಸುವ ಇಲಾಖೆಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಕಾರ್ಯವು ಒದಗಿದೆ. ಫೇಸ್‌ಬುಕ್, ಎಕ್ಸ್ ಮುಂತಾದ ಸಾಮಾಜಿಕ ಜಾಲತಾಣಗಳಲ್ಲಿ ಜನರೊಡನೆ ಸಂಭಾಷಿಸುವುದೇ ಅದು. ಬೆಂಗಳೂರು ನಗರ ಪೊಲೀಸರ ಹಾಸ್ಯಮಿಶ್ರಿತ ಎಚ್ಚರಿಕೆಗಳು ಇದರಿಂದಲೇ ಹೆಸರುಗೊಂಡುವು. ಇಂತಹ ಸಂಭಾಷಣೆಯಿಂದ ಸಂಸ್ಥೆಗಾದ ಪ್ರಯೋಜನವನ್ನು ಅಳೆಯುವ ಬಗೆ ಯಾವುದೆಂಬುದು ವಿಚಾರಾರ್ಹವಾಗಿದೆ.

ರೂಢಿಯಲ್ಲಿರುವ ಗಣಿತವು ಸುಲಭವಾದುದು. ಮೆಚ್ಚುಗೆ, ಹಂಚಿಕೆ, ಪ್ರತ್ಯುತ್ತರಗಳನ್ನು ಕೂಡಿಸಿ, ಬರಹವನ್ನು ಕಂಡವರ ಸಂಖ್ಯೆಯಿಂದ ಭಾಗಿಸುವರು. 10,000 ಮಂದಿ ಕಂಡು 500 ಪ್ರತಿಸ್ಪಂದನಗಳು ಬಂದರೆ ಪ್ರಮಾಣವು ಶೇಕಡಾ 5. ಆದರೆ ಈ ಮೊತ್ತದಲ್ಲಿ ಸ್ತುತಿಯೂ ನಿಂದೆಯೂ ಒಂದೇ ತೂಕದವು. ಓದಿ, ಸುಮ್ಮನೆ ಅದರಂತೆ ನಡೆದುಕೊಂಡವನು ಲೆಕ್ಕಕ್ಕೇ ಸೇರನು. ವ್ಯಾಪಾರಿಗಾದರೋ ವಿಕ್ರಯವೆಂಬ ಒರೆಗಲ್ಲುಂಟು. ಪೊಲೀಸರ ಪರಮ ಪ್ರಯೋಜನವು ನಡೆಯದೆ ಹೋದ ಅಪರಾಧ. ಅಂದರೆ ನೈಯಾಯಿಕರು ಹೇಳುವ ಅಭಾವ. ಅದಕ್ಕೆ ಮೆಚ್ಚುಗೆಯ ಗುರುತನ್ನು ಒತ್ತುವವರಾರು?

ಹರಡಿಕೆಯೇ ಮೌಲ್ಯವಲ್ಲವೆಂಬುದಕ್ಕೆ 2018ರ ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದ ದುರಂತವು ಸಾಕ್ಷಿ. ಮಕ್ಕಳ ಕಳ್ಳರು ಬರುತ್ತಿರುವರೆಂಬ ಸುಳ್ಳು ಸಂದೇಶವು ವಾಟ್ಸಾಪಿನ ಮೂಲಕ ಪ್ರಯಾಣಿಕರ ವಾಹನಕ್ಕಿಂತ ಮುಂದಾಗಿ ಊರನ್ನು ಮುಟ್ಟಿತು. ಗುಂಪಿನ ಹೊಡೆತಕ್ಕೆ ನಿರಪರಾಧಿಯೊಬ್ಬನು ಪ್ರಾಣಬಿಟ್ಟನು. ಕೇವಲ ಸಂಖ್ಯೆಯನ್ನೇ ನೋಡುವುದಾದರೆ ಆ ಸಂದೇಶವು ಉತ್ತಮವೆಂದೇ ಎಣಿಕೆಯಾಗಬೇಕಾಗುವುದು! ಇಂತಹ ಕೊಲೆಗಳು ದೇಶದಲ್ಲಿ ಮರುಕಳಿಸಲು, ಅದೇ ತಿಂಗಳಲ್ಲಿ ಆ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚಿಗೆ ರವಾನಿಸಕೂಡದೆಂದು ಮಿತಿಯಿಡಲುದ್ಯುಕ್ತವಾಯಿತು. ಇಲ್ಲಿ ಹಂಚಿಕೆಯ ಇಳಿತವೇ ಲಾಭ.

ಹಾಗಾದರೆ ಎಣಿಕೆಯೇ ವ್ಯರ್ಥವೋ ಎಂದರೆ, ಅಲ್ಲ. ಕಾರಣವನ್ನು ನಿರ್ಣಯಿಸುವ ಕ್ರಮವು ಬೇಕು. ಮಡಕೆಗೆ ಮೊದಲು ಮಣ್ಣು ಹೊತ್ತ ಕತ್ತೆಯು ಇದ್ದರೂ ಅದು ಮಡಕೆಗೆ ಕಾರಣವಲ್ಲ, ಅನ್ಯಥಾಸಿದ್ಧವೆಂದು ತರ್ಕದ ಬಾಲಪಾಠದಲ್ಲೇ ಬರುತ್ತದೆ. ಮೆಚ್ಚುಗೆಗಳಲ್ಲಿ ಎಷ್ಟೋ ಈ ಕತ್ತೆಯ ಜಾತಿಯವು. ಅನ್ವಯ-ವ್ಯತಿರೇಕಗಳೆರಡೂ ಕೂಡಿದಲ್ಲಿ ಮಾತ್ರ ಕಾರಣತ್ವವನ್ನು ಒಪ್ಪಬಹುದು.

ಉದಾಹರಣೆಗೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ನ್ನು ತೆಗೆದುಕೊಳ್ಳಬಹುದು. ವಂಚಿತನು ತಡಮಾಡದೆ ಕರೆಮಾಡಿದರೆ, ಹಣವು ಖಾತೆಯಿಂದ ಖಾತೆಗೆ ಜಾರಿಹೋಗುವ ಮುನ್ನ ಬ್ಯಾಂಕು ಅದನ್ನು ತಡೆಹಿಡಿಯಲು ಅವಕಾಶವುಂಟು. ಒಂದು ತಾಲ್ಲೂಕಿನಲ್ಲಿ ಈ ಸೂಚನೆಯನ್ನು ಜಾಲತಾಣದಲ್ಲಿ ಹರಡಿ, ಜನಸ್ಥಿತಿಯಲ್ಲಿ ಅದನ್ನೇ ಹೋಲುವ ಇನ್ನೊಂದರಲ್ಲಿ ಕೆಲಕಾಲ ಭಿತ್ತಿಪತ್ರಗಳಿಂದಷ್ಟೆ ತಿಳಿಸಿ, ವಂಚನೆಗೂ ಕರೆಗೂ ನಡುವೆ ಕಳೆದ ಹೊತ್ತನ್ನು ಎರಡೆಡೆಯಲ್ಲಿಯೂ ಗುರುತಿಸಬೇಕು. ಮೊದಲನೆಯದರಲ್ಲಿ ಆ ಹೊತ್ತು ಕುಗ್ಗಿ, ಎರಡನೆಯದರಲ್ಲಿ ಕುಗ್ಗದಿದ್ದರೆ, ಆ ವ್ಯತ್ಯಾಸವೇ ಜಾಲತಾಣದ ಬೆಲೆ. ಉಳಿದ ಹಣವನ್ನು ರೂಪಾಯಿಗಳಲ್ಲಿ ಬರೆದು, ಬರಹಕ್ಕೆ ತಗಲಿದ ವೇಳೆ ವೆಚ್ಚಗಳನ್ನು ಅದರಲ್ಲಿ ಕಳೆಯಲೂಬಹುದು.

ಈ ಪರೀಕ್ಷೆಯಲ್ಲಿಯೂ ತೊಡಕಿಲ್ಲದಿಲ್ಲ. ತಾಲ್ಲೂಕಿನ ಗಡಿಯು ಜಾಲಕ್ಕೆ ಗಡಿಯಲ್ಲ. ಒಂದೆಡೆ ಹಾಕಿದುದು ನೆಂಟರಿಷ್ಟರ ಮೂಲಕ ಇನ್ನೊಂದೆಡೆಗೂ ಸೇರುವುದು. ಒಬ್ಬನ ಫೋನಿನಲ್ಲಿ ಬಂದುದನ್ನು ಚಹದಂಗಡಿಯಲ್ಲಿ ನಾಲ್ವರು ಕೇಳುವರು. ಯಂತ್ರವು ಬರೆದುಕೊಳ್ಳುವುದು ಒಬ್ಬನನ್ನೇ. ಆದುದರಿಂದ ಕರೆಮಾಡಿದವನನ್ನು, ಈ ಸಂಖ್ಯೆಯು ನಿಮಗೆ ಯಾರಿಂದ ತಿಳಿಯಿತೆಂದು ಒಂದು ಮಾತು ಕೇಳಿ ಬರೆದಿಡುವುದು ಯುಕ್ತ.